ಗೋಣಿಮರದ ಕ್ರಾಸಿನ ಆರು ನಲವತ್ತರ ಬಸ್ಸು

2025ರ ಮಾರ್ಚ್ 3, ಸೋಮವಾರ. ಬೆಳಿಗ್ಗೆ 10-50ಕ್ಕೆ ಹೊನ್ನಾಳಿ ಪೊಲೀಸ್ ಠಾಣೆಗೆ ಬಂದ ಸತೀಶ್ ಕುಮಾರ್ ಅವರ ಕಂಕುಳಲ್ಲಿ ಮೂರು ವಸ್ತುಗಳಿದ್ದವು. ಅಂಗೈ ಅಗಲದ ಹಳದಿ ಪುಸ್ತಕ, ಬಸ್ ನಿಲ್ದಾಣದ ಗೋಡೆಯಿಂದ ಕಿತ್ತು ತಂದ ದೊಡ್ಡ ಹಾಳೆ, ರಟ್ಟು ಕಟ್ಟಿದ ಉದ್ದನೆಯ ರಿಜಿಸ್ಟರ್. ಮೂರನ್ನೂ ಇನ್‌ಸ್ಪೆಕ್ಟರ್ ಕಲ್ಲೇಶ್ ಅವರ ಮೇಜಿನ ಮೇಲೆ ಸಾಲಾಗಿ ಇಟ್ಟು, ಕುಳಿತುಕೊಳ್ಳಿ ಎನ್ನುವ ಮೊದಲೇ ಕುಳಿತರು.

"ನನ್ನ ಪುಸ್ತಕ ಕದ್ದಾರೆ ಸಾರ್."

"ಪುಸ್ತಕ ಇಲ್ಲೇ ಐತಲ್ಲ?"

"ಒಳಗಿರೋದನ್ನ ಕದ್ದಾರೆ."

ಸತೀಶ್ ಕುಮಾರ್ ಹೊನ್ನಾಳಿ ಪೇಟೆಯಲ್ಲಿ ಪ್ರೆಸ್ ನಡೆಸುತ್ತಿದ್ದರು. ವಯಸ್ಸು ನಲವತ್ತಾರು. ಲಗ್ನಪತ್ರಿಕೆ, ರಸೀದಿ ಪುಸ್ತಕ, ಕರಪತ್ರಗಳ ಕೆಲಸದ ಜೊತೆಗೆ ಹನ್ನೊಂದು ವರ್ಷದಿಂದ ಯುಗಾದಿಯ ಹೊತ್ತಿಗೆ ಒಂದು ಚಿಕ್ಕ ಪುಸ್ತಕ ಹೊರತರುತ್ತಿದ್ದರು. ಹೆಸರು 'ನಾಲ್ಕು ತಾಲ್ಲೂಕಿನ ಬಸ್ ವೇಳೆ'. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ತಾಲ್ಲೂಕುಗಳಲ್ಲಿ ಯಾವ ಊರಿನ ಮುಂದೆ ಯಾವ ಬಸ್ಸು ಎಷ್ಟು ಹೊತ್ತಿಗೆ ಹಾಯುತ್ತದೆ ಎಂಬುದು ಅದರಲ್ಲಿತ್ತು. ಅಂಗಡಿಯವರು, ಮೇಷ್ಟ್ರುಗಳು, ಹೆಣ್ಣು ನೋಡಲು ಹೊರಟವರು ಕೊಳ್ಳುತ್ತಿದ್ದರು.

ದೊಡ್ಡ ಹಾಳೆ ಬೇರೆಯವರದು. ತಲೆಬರಹ: 'ಡಯಾಲಿಸಿಸ್‌ಗೆ ಬರುವವರಿಗೆ ಬಸ್ಸು'. ಕೆಳಗೆ ಯಾರ ಹೆಸರೂ ಇರಲಿಲ್ಲ. 'ವೇಳೆ ಬದಲಾದರೆ ಘಟಕದಲ್ಲಿ ತಿಳಿಸಿ' ಎಂದಷ್ಟೇ ಇತ್ತು.

"ತಾಲ್ಲೂಕು ಆಸ್ಪತ್ರೆ ಡಯಾಲಿಸಿಸ್ ಘಟಕದಾಗೆ ಟೆಕ್ನಿಷಿಯನ್ ಒಬ್ಬಳು ಅದಾಳೆ ಸಾರ್. ಸಮ್ರೀನ್ ಅಂತ, ಚನ್ನಗಿರಿಯೋಳು. ಅವಳೇ ಮಾಡಿದ್ದು. ಹೊನ್ನಾಳಿ, ನ್ಯಾಮತಿ ಕಡೆಯ ಒಂಬತ್ತು ಶೆಲ್ಟರಿಗೆ ಅಂಟ್ಸಿದ್ಲು. ಒಂಬತ್ತೂ ಕಿತ್ತುಹಾಕೀನಿ."

"ಕಿತ್ತ ಮೇಲೆ ದೂರು ಕೊಡಾಕೆ ಬಂದ್ರಾ?" ಎಂದರು ಪಕ್ಕದಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ಶಿವಮೂರ್ತಪ್ಪ.

ಸತೀಶ್ ಕುಮಾರ್ ಅದನ್ನು ಕೇಳಿಸಿಕೊಳ್ಳದವರಂತೆ ಹಾಳೆಯ ಒಂದು ಸಾಲಿನ ಮೇಲೆ ಬೆರಳಿಟ್ಟರು. 'ಗೋಣಿಮರದ ಕ್ರಾಸ್, 6-40.' ಹಳದಿ ಪುಸ್ತಕದ ಮೂವತ್ತೊಂದನೆಯ ಪುಟ ತೆಗೆದರು. ಅಲ್ಲೂ ಅದೇ. ಗೋಣಿಮರದ ಕ್ರಾಸ್, 6-40.

"ಎರಡೂ ಕಡೆ ಒಂದೇ ಬಸ್ಸು ಇದ್ರೆ ಒಂದೇ ವೇಳೆ ಇರ್ತೈತೆ. ಅದ್ರಾಗೇನು?" ಎಂದರು ಕಲ್ಲೇಶ್.

"ಬಸ್ಸೇ ಇಲ್ಲ ಸಾರ್."

"ಇಲ್ಲ ಅಂದ್ರೆ?"

"ಅಂಥ ಬಸ್ಸು ಭೂಮಿ ಮೇಲೆ ಇಲ್ಲ. ಎರಡು ವರ್ಷದ ಕೆಳಗೆ ನಾನೇ ಬೇಕಂತ ಸೇರ್ಸಿದ್ದು. ಯಾರಾದ್ರೂ ಕದ್ರೆ ಈ ಬಸ್ಸನ್ನೂ ಕದೀಲೇಬೇಕು ನೋಡ್ರಿ, ಆಗ ಸಿಕ್ಕಿಬೀಳ್ತಾರೆ. ಇಲಿಬೋನು ಇಟ್ಟಂಗೆ."

ಶಿವಮೂರ್ತಪ್ಪನವರ ಊರು ನ್ಯಾಮತಿ ಪಕ್ಕದ್ದು. "ಇಲಿಗೆ ಅಂತ ಇಟ್ಟ ಬೋನಿನಾಗೆ ಎಷ್ಟು ಮಂದಿ ಬೆಳಿಗ್ಗೆ ಎದ್ದು ಹೋಗಿ ನಿಂತಿರಬೇಕು" ಎಂದರು, ಯಾರಿಗೂ ಅಲ್ಲ ಎನ್ನುವಂತೆ.

"ಸಣ್ಣ ಕ್ರಾಸು ಅದು. ಅಲ್ಲಿ ಯಾರು ಪುಸ್ತಕ ನೋಡ್ತಾರೆ?"

ರಿಜಿಸ್ಟರ್ ಏನು ಎಂದು ಕಲ್ಲೇಶ್ ಕೇಳಿದರು. ಅದು ತಮ್ಮ ದುಡಿಮೆಗೆ ಸಾಕ್ಷಿ ಎಂದರು ಸತೀಶ್ ಕುಮಾರ್. 2014ರ ಬೇಸಿಗೆಯಲ್ಲಿ ಊರೂರು ತಿರುಗಿ ಬಸ್ಸುಗಳ ವೇಳೆ ಬರೆದುಕೊಂಡ ಮೂಲ ಪುಸ್ತಕ. ಪ್ರತಿ ಪುಟದ ಕೆಳಗೆ 'ತಾಳೆ ನೋಡಿದ್ದೇನೆ' ಎಂಬ ಒಕ್ಕಣೆ, ಅದರಡಿಯಲ್ಲಿ ಹೊನ್ನಾಳಿ ನಿಲ್ದಾಣದ ಅಂದಿನ ಬಸ್ ಏಜೆಂಟ್ ಸುಬಾನಸಾಬರ ಸಹಿ, ಕನ್ನಡದಲ್ಲಿ.

11-35ಕ್ಕೆ ಹಕ್ಕುಸ್ವಾಮ್ಯ ಕಾಯ್ದೆಯ ಕಲಂ 63ರ ಅಡಿ ಎಫ್‌ಐಆರ್ ದಾಖಲಾಯಿತು. ಪುಸ್ತಕ, ಹಾಳೆ, ರಿಜಿಸ್ಟರ್ ಮೂರನ್ನೂ ಪಡೆದು ಸ್ವೀಕೃತಿ ಕೊಡಲಾಯಿತು.

ಸತೀಶ್ ಕುಮಾರ್ ಹೋದ ಮೇಲೆ ಕಲ್ಲೇಶ್ ಹಳದಿ ಪುಸ್ತಕ ತಿರುವಿ ತಮ್ಮ ಊರು ಹುಡುಕಿದರು. ಜಗಳೂರು ತಾಲ್ಲೂಕಿನ ಸೊಕ್ಕೆ. ಅಣ್ಣನಿಗೆ ಫೋನ್ ಮಾಡಿ ಒಂದೊಂದೇ ವೇಳೆ ಓದಿ ಹೇಳಿದರು. ಎಲ್ಲ ಸರಿಯಾಗಿತ್ತು. ಶಾಲೆಯ ಮುಂದೆ ನಿಲ್ಲುವ ಬಸ್ಸು ಯಾವುದು, ನಿಲ್ಲದೆ ಹೋಗುವುದು ಯಾವುದು ಎಂಬುದೂ ಸರಿಯಾಗಿತ್ತು. ಕುರ್ಚಿಯಲ್ಲಿ ಕೂತು ಬರೆದವನಿಗೆ ಇದು ಗೊತ್ತಾಗುವುದಿಲ್ಲ ಎಂದುಕೊಂಡರು. ಒಂದು ಬಸ್ಸು ತಪ್ಪಿದರೆ ಒಂದು ದಿನವೇ ತಪ್ಪಿದಂತೆ ಎನ್ನುವ ಊರಿನಲ್ಲಿ ಬೆಳೆದವರು ಅವರು.

ಸಹಾಯಕ ಸರ್ಕಾರಿ ಅಭಿಯೋಜಕಿ ಅನಿತಾ ಅವರಿಗೆ ಮಧ್ಯಾಹ್ನ ಫೋನ್ ಹೋಯಿತು. ಅವರು ಪೂರ್ತಿ ಕೇಳಿಕೊಂಡು ನಕ್ಕರು.

"ಬಸ್ಸು ಎಷ್ಟು ಹೊತ್ತಿಗೆ ಬರ್ತೈತೆ ಅನ್ನೋದು ಯಾರ ಸ್ವತ್ತೂ ಅಲ್ಲ ಕಲ್ಲೇಶ್ ಅವ್ರೇ. ಸೂರ್ಯ ಎಷ್ಟು ಹೊತ್ತಿಗೆ ಹುಟ್ತಾನೆ ಅಂದಂಗೆ. ಅದನ್ನ ಒಬ್ಬ ತನ್ನ ಬುದ್ಧಿಯಿಂದ ಜೋಡಿಸಿದ ರೀತಿ ಮಾತ್ರ ಅವನದು. ಆ ಹುಡುಗಿ ಜೋಡಣೆ ಬೇರೆ ಐತಾ?"

"ಬೇರೆ ಐತೆ. ಅವ್ರದು ಊರಿನ ಹೆಸರು ಅಕ್ಷರದ ಪ್ರಕಾರ. ಈಕೇದು ಡಯಾಲಿಸಿಸ್ ಪಾಳಿ ಪ್ರಕಾರ. ಯಾವ ಪಾಳಿಗೆ ಯಾವ ಬಸ್ಸು ಹಿಡೀಬೇಕು, ಮುಗಿದ ಮೇಲೆ ಯಾವುದಕ್ಕೆ ವಾಪಸ್ ಹೋಗಬೇಕು ಅಂತ."

"ಹಂಗಿದ್ರೆ ಕೇಸು ನಿಲ್ಲಲ್ಲ. ಒಂದೇ ಒಂದು ತೊಡಕು. ಆ ಇಲ್ಲದ ಬಸ್ಸು. ಅದು ಅವನ ಕಲ್ಪನೆ ಆಯ್ತಲ್ಲ? ನಿಜಕ್ಕೆ ಹಕ್ಕುಸ್ವಾಮ್ಯ ಇಲ್ಲ, ಸುಳ್ಳಿಗೆ ಇದ್ರೂ ಇರಬಹುದು. ಅದನ್ನ ಹೆಂಗೆ ಬರಕೊಂಡ್ಲು ಅಂತ ನೋಡ್ರಿ."

ಮಧ್ಯಾಹ್ನ 2-15ಕ್ಕೆ ಕಲ್ಲೇಶ್, ಮಹಿಳಾ ಕಾನ್‌ಸ್ಟೆಬಲ್ ಚೈತ್ರಶ್ರೀ ಮತ್ತು ಇಬ್ಬರು ಪಂಚರು ಡಯಾಲಿಸಿಸ್ ಘಟಕಕ್ಕೆ ಹೋದರು. ಐದು ಹಾಸಿಗೆ, ಐದು ಯಂತ್ರ. ಎರಡನೆಯ ಪಾಳಿ ನಡೆದಿತ್ತು. ಸಮ್ರೀನ್‌ಗೆ ಇಪ್ಪತ್ತಾರು ವರ್ಷ. ಸಮವಸ್ತ್ರ ಕಂಡರೂ ಕೈಯಲ್ಲಿದ್ದ ಕೆಲಸ ಬಿಡಲಿಲ್ಲ. ಒಬ್ಬ ಅಜ್ಜಿಯ ತೋಳಿನ ಪಟ್ಟಿ ಸರಿಮಾಡಿ, ಯಂತ್ರದ ಅಂಕಿ ಬರೆದಿಟ್ಟೇ ತಿರುಗಿದಳು.

"ಈ ಹಾಳೆ ಯಾರು ಮಾಡಿದ್ದು?"

"ನಾನೇ ಸಾರ್."

"ಎಲ್ಲಿಂದ ಬರಕೊಂಡ್ರಿ?"

"ಇವ್ರ ಬಾಯಿಂದ." ಅವಳು ಹಾಸಿಗೆಗಳ ಕಡೆ ಕೈ ತೋರಿಸಿದಳು.

ಐದನೆಯ ಹಾಸಿಗೆಯ ರೈತನೊಬ್ಬ ಮಲಗಿದಲ್ಲಿಂದಲೇ ಬಾಯಿ ಹಾಕಿದ. "ನಾಲ್ಕು ತಾಸು ಹಿಂಗೆ ಬಿದ್ಕೊಂಡು ಏನು ಮಾಡೋದು ಸಾಹೇಬ್ರೆ? ಮೊದ್ಲು ರಾಜಕೀಯ ಮಾತಾಡ್ತಿದ್ವಿ. ಎಲ್ರಿಗೂ ಬಿಪಿ ಏರ್ತಿತ್ತು. ಈ ತಾಯಿ, ರಾಜಕೀಯ ಬಿಡ್ರಿ, ಹೆಂಗೆ ಬಂದ್ರಿ ಅಂತ ಹೇಳ್ರಿ ಅಂದ್ಲು. ಹೇಳಿದ್ವಿ. ಬರಕೊಂಡ್ಲು."

ಸಮ್ರೀನ್ ಮೇಜಿನ ಖಾನೆಯಿಂದ ಶಾಲಾ ಮಕ್ಕಳ ಒಂದು ನೋಟ್‌ಬುಕ್ ತೆಗೆದು ಕೊಟ್ಟಳು. ದಿನಾಂಕ, ರೋಗಿಯ ಹೆಸರು, ಊರು, ಹತ್ತಿದ ಬಸ್ಸು, ಹತ್ತಿದ ಹೊತ್ತು, ಇಳಿದ ಹೊತ್ತು. ಹದಿನಾಲ್ಕು ತಿಂಗಳ ಬರಹ. ಕಲ್ಲೇಶ್ ಗೋಣಿಮರದ ಕ್ರಾಸ್ ಹುಡುಕಿದರು. 2024ರ ಜೂನ್ 18ರಿಂದ ಶುರುವಾಗಿ ಮಂಗಳವಾರ, ಶುಕ್ರವಾರಗಳಲ್ಲಿ ಅದೇ ಹೆಸರು ಮತ್ತೆ ಮತ್ತೆ ಇತ್ತು. 'ಕೆಂಪಕ್ಕ. ವಸೀಮ್ ಗಾಡಿ. 6-40.' ಒಂದು ಕಡೆ ಪಕ್ಕದಲ್ಲಿ ಸಣ್ಣದಾಗಿ, 'ಭಾನುವಾರ ಇಲ್ಲ'.

ಹಳದಿ ಪುಸ್ತಕದಲ್ಲಿ ಭಾನುವಾರದ ಮಾತು ಇರಲಿಲ್ಲ. ಇಲ್ಲದ ಬಸ್ಸಿಗೆ ವಾರದ ರಜೆ ಎಲ್ಲಿಂದ ಬಂತು?

"ಆ ಹಳದಿ ಪುಸ್ತಕ ನೋಡೀರಾ?"

"ನೋಡೀನಿ ಸಾರ್. ಬಸ್‌ಸ್ಟ್ಯಾಂಡಿನಾಗೆ ಮಾರ್ತಾರೆ. ಆದ್ರೆ ಅದನ್ನ ನೋಡಿ ಬರೆದಿಲ್ಲ. ನಮ್ಮ ಪೇಷೆಂಟ್ಸಿಗೆ ಅಷ್ಟು ಸಣ್ಣ ಅಕ್ಷರ ಕಾಣಲ್ಲ."

ನೋಟ್‌ಬುಕ್ ಜಪ್ತಿ ಮಾಡಿ, ಪಂಚನಾಮೆ ಬರೆದು, ಪಂಚರ ಸಹಿ ಹಾಕಿಸುವಾಗ 3-20. ಕಲ್ಲೇಶ್ ನೋಟಿಸಿನ ಪ್ರತಿ ಕೊಟ್ಟು, ಕರೆದಾಗ ಠಾಣೆಗೆ ಬರಬೇಕು ಎಂದರು. ಆಗ ಅವಳು ದನಿ ತಗ್ಗಿಸಿ ಕೇಳಿದಳು.

"ನನ್ನದು ಗುತ್ತಿಗೆ ಕೆಲಸ ಸಾರ್. 31ನೇ ತಾರೀಖಿಗೆ ಮುಗೀತೈತೆ. ಎಫ್‌ಐಆರ್ ಐತೆ ಅಂತ ಗೊತ್ತಾದ್ರೆ ಮುಂದುವರಿಸಲ್ಲ. ಚನ್ನಗಿರಿನಾಗೆ ಅಬ್ಬಾ ಅದಾರೆ, ತಂಗಿ ಓದ್ತಾಳೆ. ನಾನು ಏನು ಕದ್ದೆ ಅಂತ ಹೇಳಲಿ?"

ಕಲ್ಲೇಶ್ ನೋಟ್‌ಬುಕ್ಕನ್ನು ಚೈತ್ರಶ್ರೀಯ ಕೈಗೆ ಕೊಟ್ಟರು. ಸಮ್ರೀನ್ ಮಾತು ಮುಂದುವರಿಸಿದಳು.

"ಹಾಳೆ ಕಿತ್ತ ಮೇಲೆ ಇವತ್ತು ಹೊಸಬರೊಬ್ರು ಬರಲಿಲ್ಲ ಸಾರ್. ಉಬ್ರಾಣಿಯಿಂದ ಮಗಳ ಮನೆಗೆ ಅಂತ ನ್ಯಾಮತಿ ಹತ್ರ ಬಂದು ಇದ್ದೋರು. ಯಾವ ಬಸ್ಸಿಗೆ ಬರಬೇಕು ಅಂತ ಗೊತ್ತಾಗದೆ ವಾಪಸ್ ಹೋದ್ರಂತೆ. ಫೋನ್ ಮಾಡಿದ್ದೆ. ನಾಳೆ ಕರೆಸ್ತೀನಿ. ಒಂದು ದಿನ ತಡೀತಾರೆ, ಎರಡು ದಿನ ಕಷ್ಟ."

ಹೊರಗೆ ಬಂದು ಜೀಪು ಹತ್ತುವಾಗ ಕಲ್ಲೇಶ್ ಚೈತ್ರಶ್ರೀಗೆ ಹೇಳಿದರು. "ನಾಳೆ ಮಂಗಳವಾರ. ಕೆಂಪಕ್ಕನ ದಿನ. ಬೆಳಿಗ್ಗೆ ಆರೂಕಾಲಿಗೆ ಕ್ರಾಸಿನಾಗೆ ಇರಬೇಕು."

ಮಾರ್ಚ್ 4, ಬೆಳಿಗ್ಗೆ 6-15. ನ್ಯಾಮತಿಯಿಂದ ಹೊನ್ನಾಳಿಗೆ ಬರುವ ದಾರಿಯಲ್ಲಿ ಗೋಣಿಮರದ ಕ್ರಾಸ್. ಒಂದು ಗೋಣಿಮರ, ಒಂದು ಸಿಮೆಂಟು ಶೆಲ್ಟರ್. ಶೆಲ್ಟರಿನ ಗೋಡೆಯಲ್ಲಿ ಹಾಳೆ ಕಿತ್ತ ಜಾಗದಲ್ಲಿ ಅಂಟಿನ ನಾಲ್ಕು ಗುರುತು. ಜೀಪನ್ನು ಮರದ ಆಚೆ ನಿಲ್ಲಿಸಿ ಕಲ್ಲೇಶ್, ಶಿವಮೂರ್ತಪ್ಪ, ಚೈತ್ರಶ್ರೀ ನಡೆದು ಬಂದರು. ಏಳು ಜನ ಆಗಲೇ ನಿಂತಿದ್ದರು. ಹೂವಿನ ಬುಟ್ಟಿಯವಳು ಒಬ್ಬಳು, ಕಾಲೇಜಿನ ಮೂವರು ಹುಡುಗಿಯರು, ಗಾರೆ ಕೆಲಸದ ಇಬ್ಬರು. ಶೆಲ್ಟರಿನ ಕಟ್ಟೆ ಮೇಲೆ ಶಾಲು ಹೊದ್ದು ಕೂತಿದ್ದ ಅರವತ್ತರ ಹೆಂಗಸು ಕೆಂಪಕ್ಕ.

"ಯಾರಪ್ಪ ನೀವು, ಬೆಳಗಾಗೋದ್ರಾಗೆ?"

"ಬಸ್ಸು ನೋಡಾಕೆ ಬಂದೀವಿ ಕಣಮ್ಮ" ಎಂದರು ಶಿವಮೂರ್ತಪ್ಪ.

"ಬಸ್ಸು ನೋಡಿಲ್ವಾ ನೀವು ಯಾವತ್ತೂ?"

ಹುಡುಗಿಯರು ನಕ್ಕರು. ಕಲ್ಲೇಶ್ ಕೈಗಡಿಯಾರ ನೋಡಿದರು. 6-36. 6-38. ಕಬ್ಬಿಣ ತುಂಬಿದ ಒಂದು ಲಾರಿ ಹೋಯಿತು. 6-40. ರಸ್ತೆ ಬರಿದಾಗಿತ್ತು. ಶಿವಮೂರ್ತಪ್ಪ ಮೀಸೆ ತಿರುವಿದರು. 6-42. ಪ್ರೆಸ್ಸಿನವನ ಮಾತೇ ನಿಜವಾದರೆ ಆ ಹುಡುಗಿಯ ನೋಟ್‌ಬುಕ್ಕೂ ಸುಳ್ಳು, ಅವಳ ಕೆಲಸವೂ ಹೋಯಿತು. ಕಲ್ಲೇಶ್ ಇನ್ನೊಮ್ಮೆ ಗಡಿಯಾರ ನೋಡಲಿಲ್ಲ. ಕೆಂಪಕ್ಕ ಮಾತ್ರ ಅಲುಗದೆ ಕೂತಿದ್ದಳು.

6-44ಕ್ಕೆ ತಿರುವಿನಲ್ಲಿ ಹಾರ್ನ್ ಕೇಳಿಸಿತು. ಹಸಿರು ಬಣ್ಣದ ಖಾಸಗಿ ಬಸ್ಸೊಂದು ಬಂದು ಗೋಣಿಮರದ ಕೆಳಗೆ ನಿಂತಿತು.

ಡ್ರೈವರ್ ವಸೀಮ್ ಪೊಲೀಸರನ್ನು ಕಂಡು ಕಿಟಕಿಯಿಂದಲೇ ಕೈ ಮುಗಿದ. "ನಾಲ್ಕು ನಿಮಿಷ ತಡ ಆತು ಸಾರ್. ಕುರಿ ಹಿಂಡು ಅಡ್ಡ ಬಂತು. ಅದಕ್ಕೂ ಕೇಸ್ ಹಾಕ್ತೀರಾ?"

"ಪರ್ಮಿಟ್ ತೋರ್ಸು."

ತೋರಿಸಿದ. ಕಳೆದ ವರ್ಷ ಸೆಪ್ಟೆಂಬರಿನಲ್ಲಿ ಈ ನಿಲುಗಡೆ, ಈ ವೇಳೆ ಸೇರಿಸಿ ಸಾರಿಗೆ ಕಚೇರಿ ಕೊಟ್ಟ ಆದೇಶದ ಪ್ರತಿ ಅದಕ್ಕೆ ಲಗತ್ತಾಗಿತ್ತು. ಭಾನುವಾರ ಹೊರತುಪಡಿಸಿ ಎಂದೂ ಇತ್ತು.

"ಅದಕ್ಕೆ ಮೊದ್ಲು?"

"ಮೊದ್ಲು ನ್ಯಾಮತಿನಾಗೆ ನೈಟ್ ಹಾಲ್ಟ್ ಮಾಡಿ, ಬೆಳಿಗ್ಗೆ ಖಾಲಿ ಗಾಡಿ ತಗೊಂಡು ಹೊನ್ನಾಳಿಗೆ ಹೋಗಿ ಅಲ್ಲಿಂದ ಟ್ರಿಪ್ ಶುರು ಮಾಡ್ತಿದ್ದೆ ಸಾರ್. ಇಲ್ಲಿ ಎಲ್ಲಿ ನಿಲ್ಸಲಿ? ಈ ಯಮ್ಮನ್ನೇ ಕೇಳ್ರಿ."

ಬಸ್ಸು ನಿಲ್ಲಿಸಿಕೊಂಡರೆ ಕೆಂಪಕ್ಕನ ಪಾಳಿ ತಪ್ಪುತ್ತಿತ್ತು. ಕಲ್ಲೇಶ್ ಜೀಪನ್ನು ಶಿವಮೂರ್ತಪ್ಪನವರಿಗೆ ಬಿಟ್ಟು, ಚೈತ್ರಶ್ರೀಯನ್ನು ಕರೆದುಕೊಂಡು ತಾವೂ ಬಸ್ಸು ಹತ್ತಿದರು. ಕೆಂಪಕ್ಕನ ಹೇಳಿಕೆ ಕಿಟಕಿ ಪಕ್ಕದ ಸೀಟಿನಲ್ಲಿ, ಚೈತ್ರಶ್ರೀಯ ತೊಡೆಯ ಮೇಲಿನ ರಟ್ಟಿನ ಮೇಲೆ ದಾಖಲಾಯಿತು.

"ನಮ್ಮ ಸೊಸೆ ಆ ಹಳದಿ ಬುಕ್ ತಂದಿದ್ಲು. ಅದ್ರಾಗೆ ಬರೆದಿತ್ತು, ಆರು ನಲವತ್ತು ಅಂತ. ನಂಗೆ ಏಳೂವರೆ ಪಾಳಿ ಕೊಟ್ಟಿದ್ರು. ಮೊದ್ಲ ಬಸ್ಸು ಎಂಟಕ್ಕೆ. ಆಟೋ ಮಾಡ್ಕೊಂಡು ಹೋಗೋದು, ಇಲ್ಲ ಮಧ್ಯಾಹ್ನದ ಪಾಳಿ ಕೇಳೋದು. ಮಧ್ಯಾಹ್ನದ್ದು ಮುಗ್ಸಿ ಬಂದ್ರೆ ರಾತ್ರಿ ಎಲ್ಲಾ ವಾಂತಿ. ಬುಕ್ಕಿನಾಗೆ ಐತಲ್ಲ ಅಂತ ಬಂದು ನಿಂತೆ. ಬರಲಿಲ್ಲ. ಮರುದಿನಾನೂ ನಿಂತೆ."

"ಎಷ್ಟು ದಿನ?"

"ಎಂಟು ಹತ್ತು ದಿನ. ಹೂವಿನ ರತ್ನಿನೂ ನನ್ನ ನೋಡಿ ನಿಲ್ಲಾಕೆ ಹತ್ತಿದ್ಲು. ದಿನಾ ಇವನ ಗಾಡಿ ಖಾಲಿ ಹೋಗ್ತಿತ್ತು ಕಣವ್ವ, ನಮ್ಮ ಮೂಗಿನ ಮುಂದೆ. ಒಂದಿನ ರಸ್ತೆ ನಡುವೆ ನಿಂತೆ. ಆರು ನಲವತ್ತರ ಬಸ್ಸು ನಿಂದೇ ಏನೋ ಅಂದೆ."

"ಇಲ್ಲಬೇ ಅಂದೆ ಸಾರ್" ಎಂದ ವಸೀಮ್, ಗೇರು ಬದಲಿಸುತ್ತ. "ಬುಕ್ ತೆಗೆದು ತೋರ್ಸಿದ್ಲು. ಪ್ರಿಂಟ್ ಆಗೈತೆ, ನಿಂಗೇ ಗೊತ್ತಿಲ್ವಾ, ಎಂಥಾ ಡ್ರೈವರಲೇ ನೀನು ಅಂತ ನನ್ನೇ ಬೈದ್ಲು. ನಂಗೇ ಅನುಮಾನ ಬಂತು. ಮಾಲೀಕರು ಹೇಳಾಕೆ ಮರೆತಿರಬೇಕು ಅಂತ ಹತ್ತಿಸ್ಕೊಂಡೆ. ಒಂದು ತಿಂಗಳಿಗೆ ಹದಿನೈದು ಜನ ಆದ್ರು. ಮಾಲೀಕರೇ ಪರ್ಮಿಟ್ ಮಾಡಿಸಿದ್ರು."

"ಬೇರೆ ಏನಾದ್ರೂ ಹೇಳೋದು ಐತೇನಮ್ಮ?" ಎಂದು ಚೈತ್ರಶ್ರೀ ಕೇಳಿದಳು. ಹೇಳಿಕೆಯ ಕೊನೆಗೆ ಕೇಳುವ ರೂಢಿಯ ಪ್ರಶ್ನೆ ಅದು. ಕೆಂಪಕ್ಕ ಸ್ವಲ್ಪ ಯೋಚಿಸಿ ಒಂದು ಮಾತು ಹೇಳಿದಳು. ಚೈತ್ರಶ್ರೀ ಅದನ್ನೂ ಬರೆದುಕೊಂಡಳು. 7-10ಕ್ಕೆ ಬಸ್ಸು ಹೊನ್ನಾಳಿ ತಲುಪಿತು.

ಫೋನಿನಲ್ಲಿ ವಿಷಯ ಕೇಳಿದ ಅನಿತಾ, "ಸುಳ್ಳು ನಿಜ ಆಗಿಬಿಟ್ಟೈತಲ್ರೀ. ಇನ್ನು ಅದು ಅವನದೂ ಅಲ್ಲ. ಬಿ ರಿಪೋರ್ಟ್ ಹಾಕ್ರಿ" ಎಂದರು.

ಕಲ್ಲೇಶ್‌ಗೆ ನಿರಾಳವಾಯಿತು. ಬಿ ರಿಪೋರ್ಟ್ ಎಂದರೆ ಆರೋಪಕ್ಕೆ ಆಧಾರವಿಲ್ಲ ಎಂದು ನ್ಯಾಯಾಲಯಕ್ಕೆ ಕೊಡುವ ಅಂತಿಮ ವರದಿ. ಅದನ್ನು ಬರೆಯಲು ಕೂತಾಗಲೇ ಶಿವಮೂರ್ತಪ್ಪ ರಿಜಿಸ್ಟರ್ ಹಿಡಿದು ಒಳಗೆ ಬಂದರು. ಜಪ್ತಿ ಮಾಲಿನ ಪಟ್ಟಿ ಬರೆಯುವುದು ಅವರ ಕೆಲಸ.

"ಸಾರ್, 2014ರಾಗೆ ನಾನು ಯಾವ ತಾಲ್ಲೂಕಿನೋನು?"

"ನ್ಯಾಮತಿ."

"ಅಲ್ಲ ಸಾರ್. ಹೊನ್ನಾಳಿ. ನ್ಯಾಮತಿ ತಾಲ್ಲೂಕಾಗಿ ಇನ್ನೂ ಎಂಟು ವರ್ಷ ಆಗಿಲ್ಲ. ಅದಕ್ಕೂ ಮೊದ್ಲು ಒಂದು ಪಹಣಿಗೂ ನಮ್ಮಪ್ಪ ಇಲ್ಲಿಗೇ ಬರ್ತಿದ್ದ. ತಾಲ್ಲೂಕು ಮಾಡ್ರಿ ಅಂತ ಧರಣಿ ಕೂತೋರ ಬಂದೋಬಸ್ತಿಗೆ ನನ್ನೇ ಹಾಕಿದ್ರು. ಡ್ಯೂಟಿ ಮೇಲಿದ್ದೆ, ಇಲ್ಲಾಂದ್ರೆ ನಾನೂ ಕೂರ್ತಿದ್ದೆ." ಅವರು ಮೊದಲ ಪುಟ ತೆರೆದು ಮೇಜಿನ ಮೇಲಿಟ್ಟರು. ನೀಲಿ ಶಾಯಿಯಲ್ಲಿ ದುಂಡಗೆ ಬರೆದಿತ್ತು: 'ನಾಲ್ಕು ತಾಲ್ಲೂಕಿನ ಬಸ್ ವೇಳೆ. ಸಂಗ್ರಹ: ಏಪ್ರಿಲ್, ಮೇ 2014.' ಒಳಗೆ 'ನ್ಯಾಮತಿ ತಾಲ್ಲೂಕು' ಎಂದು ಹನ್ನೆರಡು ಪುಟ.

"ಆಗ ಇದ್ದಿದ್ದು ಮೂರೇ ತಾಲ್ಲೂಕು" ಎಂದರು ಕಲ್ಲೇಶ್, ನಿಧಾನಕ್ಕೆ.

"ಹೂಂ ಸಾರ್. ನಾಲ್ಕನೇದು ಹುಟ್ಟಿರಲೇ ಇಲ್ಲ. ಈ ಪುಸ್ತಕ 2014ರದ್ದಲ್ಲ."

ಮಾರ್ಚ್ 5, ಬುಧವಾರ, ಬೆಳಿಗ್ಗೆ 10 ಗಂಟೆ. ಸುಬಾನಸಾಬರ ಮನೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ. ಎಪ್ಪತ್ತೆಂಟು ವರ್ಷ. ಮೂವತ್ತು ವರ್ಷ ನಿಲ್ದಾಣದಲ್ಲಿ ನಿಂತು ಶಿವಮೊಗ್ಗ, ದಾವಣಗೆರೆ, ಹರಿಹರ ಎಂದು ಕೂಗಿ ಜನ ಹತ್ತಿಸಿದವರು. ದನಿ ಮಾತ್ರ ಇನ್ನೂ ಹಾಗೇ ಇತ್ತು. ಮಗಳು ಮೆಹರಾಜ್ ಬೇಗಂ ಚಹಾ ತಂದಿಟ್ಟರು. ಸುಬಾನಸಾಬ ಕನ್ನಡಕ ಹಾಕಿ ರಿಜಿಸ್ಟರಿನ ನಾಲ್ಕು ಪುಟ ತಿರುವಿದರು.

"ಇದು ನನ್ನ ಸಹಿ ಅಲ್ಲ ಸಾಹೇಬ್ರೇ. ನಂಗೆ ಕನ್ನಡ ಓದಾಕೆ ಬರ್ತೈತೆ, ಬರೆಯಾಕೆ ಬರಲ್ಲ. ಜೀವಮಾನದಾಗೆ ಉರ್ದುನಾಗೇ ಸಹಿ ಮಾಡೀನಿ." ಹಳೆಯ ಬ್ಯಾಂಕ್ ಪುಸ್ತಕ ತರಿಸಿ ತೋರಿಸಿದರು. ಅದರಲ್ಲಿ ಉರ್ದು ಸಹಿಯೇ ಇತ್ತು.

"ಅಂದ್ರೆ ಸತೀಶ್ ಕುಮಾರ್ ಬಸ್ಸಿನ ವೇಳೆ ಬರಕೊಂಡಿದ್ದೂ ಸುಳ್ಳು?"

"ಯಾರು ಅಂದ್ರು?" ಮುದುಕ ಕನ್ನಡಕ ತೆಗೆದರು. "ಬರಕೊಂಡಾನೆ. ಆ ಬೇಸಿಗೆ ಪೂರ್ತಿ ಬಂದಾನೆ. ಅವರಪ್ಪನ್ನ ಮೊಪೆಡ್ಡಿನ ಹಿಂದೆ ಕೂರಿಸ್ಕೊಂಡು. ಅಪ್ಪ ಬಸ್ಸಿನ ಬೋರ್ಡ್ ಓದಿ ಹೇಳೋನು, ಮಗ ಬರಕೊಳ್ಳೋನು. ನಾನೇ ಚಹಾ ಕುಡ್ಸೀನಿ. ಜಗಳೂರು ಕಡೆ ಹೋಗಿ ಬಿಸಿಲಿಗೆ ಅಪ್ಪ ತಲೆ ತಿರುಗಿ ಬಿದ್ದಿದ್ದ. ಆದ್ರೆ ನನ್ನ ಸಹಿ ಕೇಳಲಿಲ್ಲ. ಯಾಕೆ ಕೇಳ್ತಾನೆ? ಆಗ ಯಾರೂ ಅವನ್ನ ಪ್ರಶ್ನೆ ಮಾಡಿರಲಿಲ್ಲ."

ಕಲ್ಲೇಶ್ ಹೇಳಿಕೆ ಓದಿ ಹೇಳಿ, ಉರ್ದುವಿನಲ್ಲಿ ಸಹಿ ಪಡೆದರು.

ಮಧ್ಯಾಹ್ನ 3-30ಕ್ಕೆ ಇಬ್ಬರು ಪಂಚರೊಂದಿಗೆ ಪ್ರೆಸ್ಸಿಗೆ ಹೋದರು. ಎರಡು ಯಂತ್ರ ನಿಂತಿದ್ದವು, ಒಂದರ ಮೇಲೆ ಧೂಳಿನ ಬಟ್ಟೆ ಹೊದಿಸಿತ್ತು. ಗೋಡೆಯ ಮೇಲೆ ಹೂವಿನ ಹಾರ ಹಾಕಿದ ತಂದೆಯ ಫೋಟೋ, ಅದರ ಪಕ್ಕ ಗಾಜಿನ ಚೌಕಟ್ಟಿನಲ್ಲಿ ಪುಸ್ತಕದ ಮೊದಲ ಮುದ್ರಣ. ಶಿವಮೂರ್ತಪ್ಪ ಹತ್ತಿರ ಹೋಗಿ ಗಟ್ಟಿಯಾಗಿ ಓದಿದರು.

"ಮೂರು ತಾಲ್ಲೂಕಿನ ಬಸ್ ವೇಳೆ."

ಸತೀಶ್ ಕುಮಾರ್ ಚೌಕಟ್ಟಿನ ಕಡೆ ನೋಡಿದರು. ಆಮೇಲೆ ಪೊಲೀಸರ ಕೈಯಲ್ಲಿದ್ದ ರಿಜಿಸ್ಟರಿನ ಕಡೆ. ಹನ್ನೊಂದು ವರ್ಷ ದಿನವೂ ಕಣ್ಣೆದುರಿಗಿದ್ದ ಹೆಸರು ಅದು.

"ಈ ರಿಜಿಸ್ಟರ್ ಯಾವಾಗ ಬರೆದ್ರಿ?"

ಶಿವಮೂರ್ತಪ್ಪ ಪಂಚರ ಮುಂದೆ ಮೇಜು ಶೋಧಿಸಿದರು. ಮೇಜಿನ ಖಾನೆಯಲ್ಲಿ ಅದೇ ಬಗೆಯ ಇನ್ನೂ ಎರಡು ಖಾಲಿ ರಿಜಿಸ್ಟರ್, ಸುಬಾನಸಾಬರ ಹೆಸರನ್ನು ಬರೆದು ಬರೆದು ಅಭ್ಯಾಸ ಮಾಡಿದ ಒಂದು ಹಾಳೆ ಸಿಕ್ಕಿತು. ಪಂಚನಾಮೆ 4-25ಕ್ಕೆ ಮುಗಿಯಿತು.

"ಹೋದ ತಿಂಗಳು" ಎಂದರು ಸತೀಶ್ ಕುಮಾರ್ ಕೊನೆಗೆ. "ಎಂಟು ದಿನ ಕೂತು ಬರೆದೆ."

"ನಿಜವಾದ್ದು ಎಲ್ಲಿ?"

"2019ರಾಗೆ ಹೊಳೆ ನೀರು ನುಗ್ಗಿತಲ್ಲ ಸಾರ್. ಕೆಳಗಿನ ಕಪಾಟಿನಾಗೆ ಇತ್ತು. ಮುದ್ದೆ ಆಗಿಹೋತು. ನಾನು, ನಮ್ಮಪ್ಪ ತಿರುಗಿದ್ದು ನಿಜ. ಬರೆದದ್ದು ನಿಜ. ಕೈಯಾಗೆ ಏನಿಲ್ಲ. ಬರೀ ಬಾಯಿಮಾತು ಯಾರು ನಂಬ್ತಾರೆ?"

"ಸುಬಾನಸಾಬ ನಂಬ್ತಾರೆ" ಎಂದರು ಕಲ್ಲೇಶ್. "ಕೇಳಿದ್ರೆ ಬಂದು ಸಾಕ್ಷಿ ಹೇಳ್ತಿದ್ರು. ಸುಳ್ಳು ಸಹಿ ಯಾಕೆ ಬೇಕಿತ್ತು ನಿಮಗೆ? ಇದನ್ನ ತರದೆ ಇದ್ದಿದ್ರೆ ನಿಮ್ಮ ದೂರು ಬಿದ್ದು ಹೋಗ್ತಿತ್ತು, ನೀವು ಮನೆಗೆ ಹೋಗ್ತಿದ್ರಿ. ಈಗ ನಾನು ಕರಕೊಂಡು ಹೋಗಬೇಕು."

ಖೋಟಾ ದಾಖಲೆಯನ್ನು ಅಸಲಿ ಎಂದು ಬಳಸಿದ ಆರೋಪದ ಮೇಲೆ, ಭಾರತೀಯ ನ್ಯಾಯ ಸಂಹಿತೆಯ ಕಲಂ 340(2)ರ ಅಡಿ ಬೇರೆ ಪ್ರಕರಣ ದಾಖಲಾಯಿತು. ಸಂಜೆ 5-10ಕ್ಕೆ ದಸ್ತಗಿರಿ. ಮನೆಯವರಿಗೆ ತಿಳಿಸಲಾಯಿತು. ಜಾಮೀನು ಕೊಡಬಹುದಾದ ಅಪರಾಧವಾದ್ದರಿಂದ, ಸಹಿ ಹಾಕಲು ಭಾಮೈದ ಬರುವವರೆಗೆ ಅವರು ಠಾಣೆಯ ಬೆಂಚಿನ ಮೇಲೆ ಕೂತರು.

ಅದೇ ಹೊತ್ತಿಗೆ ಸಮ್ರೀನ್ ಬಂದಳು. ಕಲ್ಲೇಶ್ ಅವಳಿಗೆ ಒಂದು ಹಿಂಬರಹ ಕೊಟ್ಟರು: ಆರೋಪಕ್ಕೆ ಆಧಾರ ಕಂಡುಬಂದಿಲ್ಲ, ಬಿ ರಿಪೋರ್ಟ್ ಸಲ್ಲಿಸಲಾಗಿದೆ. ಅವಳು ನಿಂತಲ್ಲೇ ಎರಡು ಸಲ ಓದಿದಳು. ಆಮೇಲೆ ಕೇಳಿದ್ದು ಒಂದೇ.

"ಹಾಳೆ ಮತ್ತೆ ಅಂಟಿಸಬಹುದಾ ಸಾರ್?"

"ಅಂಟಿಸ್ರಿ. ಈ ಸಲ ಪಂಚಾಯಿತಿಯೋರಿಗೆ ಒಂದು ಮಾತು ಹೇಳಿ ಅಂಟಿಸ್ರಿ. ಉಬ್ರಾಣಿಯೋರು ಬಂದ್ರಾ?"

"ನಿನ್ನೆ ಬಂದ್ರು ಸಾರ್. ಆರಾಮ ಅದಾರೆ."

ಹೊರಗೆ ಹೋಗುವಾಗ ಅವಳು ಬೆಂಚಿನ ಮುಂದೆ ಒಂದು ಗಳಿಗೆ ನಿಂತಳು. ತಲೆ ಬಾಗಿಸಿ ಹೋದಳು. ಸತೀಶ್ ಕುಮಾರ್ ಅವಳು ಹೋದ ದಾರಿಯನ್ನೇ ನೋಡಿದರು.

"ಅವಳ ಮೇಲೆ ಅಷ್ಟು ಸಿಟ್ಟು ಯಾಕೆ ನಿಮಗೆ?" ಎಂದು ಕಲ್ಲೇಶ್ ಕೇಳಿದರು. ಅದು ತನಿಖೆಯ ಪ್ರಶ್ನೆಯಾಗಿರಲಿಲ್ಲ. ಪೆನ್ನು ಮುಚ್ಚಿಟ್ಟಿದ್ದರು.

"ಸಿಟ್ಟಲ್ಲ ಸಾರ್." ಎಂದರು ಸತೀಶ್ ಕುಮಾರ್. "ಒಂದಿನ ಬಸ್‌ಸ್ಟ್ಯಾಂಡಿನಾಗೆ ನಿಂತಿದ್ದೆ. ಒಬ್ಬ ಅಜ್ಜ ಆ ಹಾಳೆ ಓದಿಸ್ಕೊಂಡ. ಬಸ್ಸು ಗೊತ್ತಾತು. ಹೋಗುವಾಗ ಹಾಳೆಗೆ ಕೈ ಮುಗಿದ ಸಾರ್. ಇದನ್ನ ಮಾಡಿದೋರ ಹೊಟ್ಟೆ ತಣ್ಣಗಿರಲಿ ಅಂದ. ನಾನು ಹನ್ನೊಂದು ವರ್ಷದಿಂದ ಮಾಡ್ತಾ ಇದೀನಿ. ನಮ್ಮಪ್ಪ ಬಿಸಿಲಾಗೆ ಬಿದ್ದು ಎದ್ದು ಮಾಡಿದ್ದು. ಒಬ್ರೂ ಹಂಗಂದಿಲ್ಲ. ಕೊಳ್ಳೋರು ಚೌಕಾಸಿ ಮಾಡಿ ಒಯ್ತಾರೆ, ಅಷ್ಟೇ."

ಕಲ್ಲೇಶ್ ಎದ್ದು ಕಡತದಿಂದ ಕೆಂಪಕ್ಕನ ಹೇಳಿಕೆ ತೆಗೆದರು. ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಕೆಂಪಕ್ಕ ಆಡಿದ ಮಾತನ್ನು ಚೈತ್ರಶ್ರೀ ಆಡಿದಂತೆಯೇ ಬರೆದುಕೊಂಡಿದ್ದಳು.

"'ಆ ಬುಕ್ಕಿನಾಗೆ ಈ ಬಸ್ಸು ಹಾಕಿದೋನು ಯಾವ ಪುಣ್ಯಾತ್ಮನೋ ಕಾಣೆ. ಅವನು ಬರೆಯದೇ ಇದ್ದಿದ್ರೆ ನಾನು ರಸ್ತೆಗೆ ಅಡ್ಡ ನಿಲ್ತಿರಲಿಲ್ಲ. ಅವನ ಮಕ್ಕಳು ಮರಿ ತಣ್ಣಗಿರಲಿ.'"

ಸತೀಶ್ ಕುಮಾರ್ ಎರಡೂ ಕೈಯಲ್ಲಿ ಮುಖ ಒರೆಸಿಕೊಂಡರು.

"ಆ ಬಸ್ಸು ನಿಜವಾಗ್ಲೂ ಬರ್ತೈತಾ ಸಾರ್?"

"ಬರ್ತೈತೆ. ನಿನ್ನೆ ನಾನೇ ಹತ್ತಿ ಬಂದೀನಿ."

"ಎಷ್ಟು ಹೊತ್ತಿಗೆ?"

"ನೀವು ಬರೆದಷ್ಟು ಹೊತ್ತಿಗೇ. ಭಾನುವಾರ ಇಲ್ಲ."

6-30ಕ್ಕೆ ಭಾಮೈದ ಬಂದು ಜಾಮೀನು ಪತ್ರಕ್ಕೆ ಸಹಿ ಹಾಕಿದ. ಶಿವಮೂರ್ತಪ್ಪ, ಸತೀಶ್ ಕುಮಾರ್ ಅವರ ಮೊಬೈಲು, ಕನ್ನಡಕ, ಜೇಬಿನಲ್ಲಿದ್ದ ಹಳದಿ ಪುಸ್ತಕದ ಇನ್ನೊಂದು ಪ್ರತಿ ಎಣಿಸಿ ಹಿಂದಿರುಗಿಸಿದರು. ಸತೀಶ್ ಕುಮಾರ್ ಬಾಗಿಲ ಬಳಿ ನಿಂತು ಶಿವಮೂರ್ತಪ್ಪನವರ ಪೆನ್ನು ಕೇಳಿ ಪಡೆದರು. ಮೂವತ್ತೊಂದನೆಯ ಪುಟ ತೆಗೆದು, ಗೋಡೆಗೆ ಒತ್ತಿ ಹಿಡಿದು, ಗೋಣಿಮರದ ಕ್ರಾಸಿನ ಸಾಲಿನ ಮುಂದೆ ಸಣ್ಣ ಅಕ್ಷರದಲ್ಲಿ 'ಭಾನುವಾರ ಇಲ್ಲ' ಎಂದು ಬರೆದುಕೊಂಡು, ಪೆನ್ನು ಕೊಟ್ಟು ಹೊರಟರು.